ಬೀರೂರು ಜಂಕ್ಷನ್‌ನಲ್ಲಿ ಗಾಡಿಯಿಂದ ಗಾಡಿಗೆ

2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಓಡಾಟ ಆರಂಭಿಸಿದಂದಿನಿಂದ ನಮ್ಮ ಭಾಗದಲ್ಲಿ ರೈಲಿನ ಮಾತೆತ್ತಿದರೆ ಸಾಕು, ಆ ಗಾಡಿ ಚಿಕ್ಕಮಗಳೂರು ಜಿಲ್ಲೆಯ ಬೀರೂರಿನಲ್ಲೂ ನಿಲ್ಲಬೇಕೆಂಬ ಬೇಡಿಕೆ ಮುಂದೆ ಬರುತ್ತದೆ. ತುಮಕೂರು, ದಾವಣಗೆರೆಗಳಿಗೆ ಸಿಕ್ಕಿದ್ದು ನಮಗೇಕೆ ಸಿಗಲಿಲ್ಲ ಎಂಬ ಬೇಸರ ಸಹಜವೇ. ಆದರೂ, ಬೀರೂರಿನಲ್ಲಿ ಗಾಡಿ ಬದಲಿಸುವ ಸಾಮಾನ್ಯ ಪ್ರಯಾಣಿಕನಿಗೆ ಇದರಿಂದ ಆಗುವ ಉಪಕಾರ ತೀರಾ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಅವನಿಗೆ ಬೇಕಾಗಿರುವುದು ಕನೆಕ್ಷನ್ ಗಾಡಿ, ಅಂದರೆ ಒಂದು ಗಾಡಿಯಿಂದ ಇಳಿದವರಿಗೆ ಮುಂದಕ್ಕೆ ಹೋಗಲು ಸಮಯ ಹೊಂದಿಸಿ ಸಿಗುವ ಇನ್ನೊಂದು ಗಾಡಿ.

ಬೆಂಗಳೂರು–ಹರಿಹರ ಮೀಟರ್‌ಗೇಜ್ ಮಾರ್ಗ 1889ರಲ್ಲಿ ಪೂರ್ಣಗೊಂಡಿತು; ಹತ್ತು ವರ್ಷಗಳ ನಂತರ, 1899ರಲ್ಲಿ, ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಮಾರ್ಗ ಬಂತು. ಇಂದು ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ದಾಟಿ ತಾಳಗುಪ್ಪದವರೆಗೆ ಹೋಗುವ ಗಾಡಿಗಳೆಲ್ಲ ಈ ಕವಲನ್ನೇ ಹಿಡಿಯಬೇಕು. ಹುಬ್ಬಳ್ಳಿ ಮಾರ್ಗವೂ ಶಿವಮೊಗ್ಗ ಮಾರ್ಗವೂ ನಿಲ್ದಾಣದ ಒಂದೇ ತುದಿಯಿಂದ ಹೊರಡುವುದರಿಂದ, ಬೆಂಗಳೂರಿನ ಕಡೆಯಿಂದ ಬಂದ ಗಾಡಿ ಎತ್ತ ಬೇಕಾದರೂ ನೇರವಾಗಿ ಸಾಗಬಹುದು. ಹುಬ್ಬಳ್ಳಿಯ ಕಡೆಯಿಂದ ಬಂದ ಗಾಡಿ ಶಿವಮೊಗ್ಗಕ್ಕೆ ತಿರುಗಬೇಕಾದರೆ ಮಾತ್ರ ಎಂಜಿನ್ ಕಳಚಿ, ಹಿಂದಿನ ತುದಿಗೆ ತಂದು ಜೋಡಿಸಿ, ಬ್ರೇಕ್ ಪರೀಕ್ಷಿಸಿ, ಬಂದ ದಿಕ್ಕಿಗೇ ಮುಖ ಮಾಡಿ ಹೊರಡಬೇಕು. ಇಷ್ಟು ರಗಳೆಯನ್ನು ಸಾಮಾನ್ಯವಾಗಿ ಯಾರೂ ಮೈಮೇಲೆ ಎಳೆದುಕೊಳ್ಳುವುದಿಲ್ಲವಾದ್ದರಿಂದ, ಗಾಡಿಯ ಬದಲು ಪ್ರಯಾಣಿಕರೇ ಇಳಿದು ಹತ್ತಬೇಕಾಗಿದೆ.

ರಾಣೆಬೆನ್ನೂರಿನಿಂದ ಭದ್ರಾವತಿಯ ಮದುವೆಗೆ ಹೊರಟ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಬೀರೂರಿನಲ್ಲಿ ಇಳಿದ ಅಜ್ಜಿ ಮೇಲ್ಸೇತುವೆಯ ಮೆಟ್ಟಿಲ ಬುಡದಲ್ಲೇ ನಿಂತುಬಿಡುತ್ತಾರೆ. ಸೊಸೆ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ ಹಿಡಿದು ಅರ್ಧ ಹತ್ತಿರುತ್ತಾಳೆ. ಮಗ ಅನೌನ್ಸ್‌ಮೆಂಟ್‌ಗೆ ಕಿವಿಗೊಟ್ಟು, ಶಿವಮೊಗ್ಗದ ಗಾಡಿ ಯಾವ ಪ್ಲಾಟ್‌ಫಾರ್ಮ್‌ಗೆ ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿರುತ್ತಾನೆ. ಮೊದಲ ಗಾಡಿ ಹತ್ತು ನಿಮಿಷ ತಡವಾಗಿದ್ದರೂ ಸಾಕು, ಅವರು ಅತ್ತ ಇಳಿಯುವಷ್ಟರಲ್ಲಿ ಎರಡನೆಯದು ಹೊರಟಿರುತ್ತದೆ.

ಎರಡು ಗಾಡಿಗಳ ಪಿಎನ್‌ಆರ್‌ಗಳನ್ನು (ಕಾಯ್ದಿರಿಸಿದ ಟಿಕೆಟ್‌ನ ಸಂಖ್ಯೆಗಳನ್ನು) ಜೋಡಿಸುವ ಸೌಲಭ್ಯ 2019ರ ಏಪ್ರಿಲ್‌ನಿಂದ ಇದೆಯಲ್ಲ ಎಂದು ಕೆಲವರು ಹೇಳಬಹುದು. ಇದೆ, ಒಳ್ಳೆಯದೂ ಹೌದು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ಪ್ರಯಾಣದ ಹಣ ವಾಪಸು ಬರುತ್ತದೆ. ಆದರೆ ಅದು ರಿಸರ್ವೇಶನ್ ಮಾಡಿಸಿದವರಿಗೆ. ಬೀರೂರಿನಲ್ಲಿ ಗಾಡಿ ಬದಲಿಸುವವರಲ್ಲಿ ಬಹಳಷ್ಟು ಜನ ಜನರಲ್ ಟಿಕೆಟ್‌ನವರು. ಅಲ್ಲದೆ, ರಾತ್ರಿ ಹೊತ್ತು ನಿಲ್ದಾಣದಲ್ಲಿ ಕೂತವನಿಗೆ ಹಣ ಬಂದರೇನು, ಊರು ಮುಟ್ಟುವುದು ಹೇಗೆ?

ಶಿವಮೊಗ್ಗ ನಗರದವರು ಹರಿಹರ, ಹುಬ್ಬಳ್ಳಿಗೆ ಹೊನ್ನಾಳಿಯ ಮೇಲೆ ಬಸ್ಸಿನಲ್ಲಿ ಹೋಗುವುದೇ ಹತ್ತಿರ, ರೈಲು ಸುತ್ತುದಾರಿ ಎಂಬುದನ್ನು ಒಪ್ಪುತ್ತೇನೆ. ತರೀಕೆರೆಯವರಿಗೆ ಆ ಮಾತು ಅಷ್ಟಾಗಿ ಅನ್ವಯಿಸುವುದಿಲ್ಲ. ಕಡೂರಿಗೂ ಈಗ ಚಿಕ್ಕಮಗಳೂರಿನ ಕವಲು 2013ರಿಂದ ಇರುವುದರಿಂದ ಕೆಲವೇ ಕಿಲೋಮೀಟರ್ ಅಂತರದಲ್ಲಿ ಎರಡು ಜಂಕ್ಷನ್‌ಗಳಾಗಿವೆ. ಯಾವುದು ದೊಡ್ಡದು ಎಂಬ ಜಗಳ ನಮ್ಮವರಿಗೆ ಇಷ್ಟ. ಎರಡರ ನಡುವೆ ಸಮಯ ಹೊಂದಿಸಿದರೆ ತರೀಕೆರೆಯವರು ತಮ್ಮದೇ ಜಿಲ್ಲಾ ಕೇಂದ್ರಕ್ಕೆ ರೈಲಿನಲ್ಲಿ ಹೋಗಬಹುದೆಂಬುದರ ಬಗ್ಗೆ ಮಾತ್ರ ಚರ್ಚೆಯಿಲ್ಲ.

ಇದನ್ನು ಕೇಳುವವರು ಏಕಿಲ್ಲ ಎಂಬುದಕ್ಕೆ ನನಗೆ ತೋಚುವ ಕಾರಣ ಸರಳವಾದದ್ದು. ಬೀರೂರು ಹಾಸನ ಲೋಕಸಭಾ ಕ್ಷೇತ್ರದಲ್ಲಿದೆ, ತರೀಕೆರೆ ಉಡುಪಿ-ಚಿಕ್ಕಮಗಳೂರಿನಲ್ಲಿ, ಭದ್ರಾವತಿ ಶಿವಮೊಗ್ಗದಲ್ಲಿ. ಪ್ರತಿಯೊಬ್ಬ ಸಂಸದರೂ ತಮ್ಮ ಊರಿಗೆ ಹೊಸ ಗಾಡಿ ತಂದೆವೆಂದು ಹಸಿರು ಬಾವುಟ ಬೀಸಬಹುದು. ವೇಳಾಪಟ್ಟಿಯಲ್ಲಿ ಇಪ್ಪತ್ತು ನಿಮಿಷ ಆಚೀಚೆ ಮಾಡಿಸಿದ್ದಕ್ಕೆ ಯಾರೂ ಹಾರ ಹಾಕುವುದಿಲ್ಲ.

ಆದ್ದರಿಂದ ಮುಂದಿನ ಮನವಿಪತ್ರದಲ್ಲಿ ವಂದೇ ಭಾರತ್ ನಿಲುಗಡೆಯ ಸಾಲನ್ನು ಕೆಳಗಿಳಿಸಿ, ಬೆಳಿಗ್ಗೆ ಒಂದು, ಸಂಜೆ ಒಂದು ಹುಬ್ಬಳ್ಳಿ ಕಡೆಯ ಗಾಡಿಗೆ ಶಿವಮೊಗ್ಗದ ಗಾಡಿಯನ್ನು ಅಧಿಕೃತವಾಗಿ ಕನೆಕ್ಷನ್ ಎಂದು ಘೋಷಿಸಬೇಕೆಂದು ಬರೆಯೋಣ. ಮೊದಲನೆಯದು ತಡವಾದರೆ ಎರಡನೆಯದನ್ನು ಕಾಲು ಗಂಟೆಯಾದರೂ ನಿಲ್ಲಿಸಿಕೊಳ್ಳಲಿ, ಸಾಧ್ಯವಾದಷ್ಟೂ ಒಂದೇ ಪ್ಲಾಟ್‌ಫಾರ್ಮ್‌ನ ಎರಡು ಬದಿಗೆ ತರಲಿ. ಮೂವರು ಸಂಸದರಿಗೂ ಅದೇ ಪ್ರತಿ ಹೋಗಲಿ.