ಕಾಲು ಇಂಚಿನ ಪಾನಾ

ಗುಜರಿಯವನು ಹಳೇ ಪಾನಾ, ಸಲಕರಣೆಗಳನ್ನೆಲ್ಲ ತಕ್ಕಡಿಗೆ ಸುರಿದೂ ಆಗಿತ್ತು. "ಎಲ್ಲಾ ಒಂದೇ ಕಬ್ಬಿಣ ಸಾರ್, ಕೆಜಿ ಲೆಕ್ಕ" ಅಂದ. ನನಗೆ ರೇಗಿತು. ದೊಡ್ಡಪ್ಪನ ಕಾರ್ ಶೆಡ್ಡಿನ ಡಬ್ಬ ಅದು. ಒಂದೇ ಕಬ್ಬಿಣವಂತೆ! ವಾಪಸು ತುಂಬಿಕೊಂಡು, ಡೀಸೆಲ್‌ನಲ್ಲಿ ನೆನೆಹಾಕಿ, ಹಳೇ ಟೂತ್‌ಬ್ರಶ್ ಹಿಡಿದು ತಿಕ್ಕಲು ಕೂತೆ.

ತುಕ್ಕು ಬಿಟ್ಟ ಮೇಲೆ ಒಂದು ಪಾನಾದಲ್ಲಿ '1/4 ಡಬ್ಲ್ಯೂ' ಎಂದು ಕಂಡಿತು. ಅದರ ಬಾಯಿಗೆ ಸ್ಕೇಲ್ ಹಿಡಿದರೆ ಅರ್ಧ ಇಂಚಿಗೂ ಜಾಸ್ತಿ. ಡಬ್ಲ್ಯೂ ಅಂದರೆ ವಿಟ್‌ವರ್ತ್, 1841ರಲ್ಲಿ ಬೋಲ್ಟಿನ ಥ್ರೆಡ್‌ಗೆ ಲೆಕ್ಕ ಕಟ್ಟಿಕೊಟ್ಟ ಇಂಗ್ಲೆಂಡಿನ ಮಹಾಶಯ. ಅವನ ಕಡೆಯವರು ಪಾನಾದ ಮೇಲೆ ಬರೆಯುವುದು ಬೋಲ್ಟಿನ ದಪ್ಪ, ಪಾನಾದ ಬಾಯಿಯ ಅಗಲವಲ್ಲ. ನಿನ್ನ ಹೆಸರೇನಮ್ಮ ಅಂದರೆ ಗಂಡನ ಊರು ಹೇಳಿದ ಹಾಗೆ. ಆ ನಟ್ಟಿಗೆ ಈಗಿನ 13 ಮಿಲಿಮೀಟರ್ ಪಾನಾ ಹೋಗುವುದಿಲ್ಲ, 14 ಹಾಕಿದರೆ ಜಾರಿ ಮೂಲೆ ಸವೆಯುತ್ತದೆ. ಹಾಗೆ ಸವೆಸಿ, "ನಟ್ಟೇ ಸರಿ ಇಲ್ಲ ಸಾರ್" ಅನ್ನುವ ಮೆಕ್ಯಾನಿಕ್‌ಗಳನ್ನು ಕಂಡರೆ ನನಗಾಗದು.

ದೊಡ್ಡಪ್ಪನ ಅಂಬಾಸಿಡರ್ ಕಾರಿಗೆ ಇದು ಬೇಕಾಗಿಯೂ ಇಲ್ಲ, ಅದರ ನಟ್ಟುಗಳ ಅಳತೆಯೇ ಬೇರೆ. ತೋಟದ ಡೀಸೆಲ್ ಪಂಪಿನದಿರಬೇಕು. ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು, ಫೀಲರ್ ಗೇಜ್, ಮಾತ್ರ ಖಂಡಿತ ಕಾರಿನದೇ. ಅಷ್ಟು ಎಲೆಗಳಲ್ಲಿ 15ರದು ಒಂದೇ ಸವೆದು ಹೊಳೆಯುತ್ತಿತ್ತು. ಎಂಜಿನ್ನಿನ ವಾಲ್ವ್ ತೆರೆಯುವ ಟ್ಯಾಪೆಟ್ಟಿಗೆ ಬೇಕಾದ ಸಂದು ಅಷ್ಟೇ, ಇಂಚಿನ ಸಾವಿರದಲ್ಲಿ ಹದಿನೈದು ಪಾಲು.

ಇನ್ನು ಹ್ಯಾಂಡಲ್, ಕಾರಿನ ಮುಂದೆ ತೂರಿಸಿ ಕೈಯಲ್ಲಿ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡುವುದು. ಅದನ್ನು ಗುರುತಿಸಲು ಯಾರನ್ನೂ ಕೇಳಬೇಕಿಲ್ಲ, ನಮ್ಮ ಮನೆತನದ ಅರ್ಧ ಜಗಳ ಅದರದ್ದೇ. ಆಷಾಢದ ಮಳೆ, ಬ್ಯಾಟರಿ ಮಲಗಿತ್ತು. ದೊಡ್ಡಮ್ಮನ ಅಣ್ಣ, ನಮ್ಮ ಬ್ಯಾಂಕ್ ಮಾವ, ಪಂಚೆ ಎತ್ತಿ ಕಟ್ಟಿ ಮುಂದೆ ಬಂದರು.

"ಭಾವ, ಹೆಬ್ಬೆರಳು ಸುತ್ತಬೇಡಿ. ಎಲ್ಲಾ ಬೆರಳೂ ಒಂದೇ ಕಡೆ ಇರಲಿ. ಕೆಳಗಿಂದ ಮೇಲಕ್ಕೆ ಎಳೀರಿ" ಅಂದರು ದೊಡ್ಡಪ್ಪ.

"ನಂಗೆ ಗೊತ್ತಯ್ಯ" ಅಂದವರೇ ಮಾವ ಮುಷ್ಟಿ ಕಟ್ಟಿ ಕೆಳಕ್ಕೆ ಒತ್ತಿದರು. ಪಿಸ್ಟನ್ ಮೇಲೆ ಬರುವ ಮೊದಲೇ ಕಿಡಿ ಹಾರಿದರೆ ಎಂಜಿನ್ ಹಿಂದಕ್ಕೆ ತಿರುಗಿ ಹ್ಯಾಂಡಲ್ ಒದೆಯುತ್ತದೆ. ಒದೆಯಿತು. ಮಣಿಕಟ್ಟು ಮುರಿಯಿತು. ಕೈ ಕಟ್ಟುವವರ ಮನೆಗೆ ಹೋಗಲು ಕಾರು ಬೇಕಿತ್ತು, ಕಾರು ಸ್ಟಾರ್ಟ್ ಆಗಿರಲಿಲ್ಲ. ಎತ್ತಿನ ಗಾಡಿಯಲ್ಲಿ ಹೋದರು.

ಅಲ್ಲಿಂದ ಮುಂದೆ ಯಾವ ಮದುವೆಯ ಪಂಕ್ತಿಯಲ್ಲೂ ಬೇರೆ ಮಾತಿಲ್ಲ. ಕಿಡಿ ಹಾರುವ ಟೈಮಿಂಗ್ ಸರಿ ಇಡದ ತಪ್ಪು ಅಂತ ಮಾವ. ಹೆಬ್ಬೆರಳಿನ ತಪ್ಪು ಅಂತ ದೊಡ್ಡಪ್ಪ. ಹೋಳಿಗೆಗೆ ತುಪ್ಪ ಬಡಿಸುತ್ತಾ ದೊಡ್ಡಮ್ಮ ಅಣ್ಣನ ಕಡೆಗೂ ಇಲ್ಲ, ಗಂಡನ ಕಡೆಗೂ ಇಲ್ಲ. ಮೋಡ ಕವಿದರೆ ಸಾಕು, ಮಾವ ಮಣಿಕಟ್ಟು ನೀವಿಕೊಂಡು, "ನಿನ್ನ ಕಾರು ಮಳೆ ಬರುತ್ತೆ ಅಂತಿದೆ" ಅನ್ನುವರು. ದೊಡ್ಡಪ್ಪ ಹೋದ ಮೇಲೂ ಅವರು ವಾದ ನಿಲ್ಲಿಸಿಲ್ಲ. ಈಗ ಎದುರು ಪಕ್ಷ ನಾನು.

ಈಗಿನ ಕಾರುಗಳಲ್ಲಿ ಇಂಥ ಜಗಳಕ್ಕೂ ಜಾಗವಿಲ್ಲ. ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳ. ಕೆಲವಕ್ಕೆ ಸ್ಟೆಪ್ನಿಯೂ ಇಲ್ಲ.

ಡಬ್ಬದಲ್ಲಿ ಒಂದು ಸಾಮಾನು ಇನ್ನೂ ಉಳಿದಿದೆ. ಗೇಣುದ್ದ, ಒಂದು ತುದಿ ಕೊಕ್ಕೆ, ಇನ್ನೊಂದು ಚಪ್ಪಟೆ, ಅಂಕಿಯಿಲ್ಲ, ಅಕ್ಷರವಿಲ್ಲ. ಫೋಟೋ ಕಳಿಸಿದರೆ ಒಬ್ಬರು ಟೈರ್ ಲೀವರ್ ಅಂದರು, ಇನ್ನೊಬ್ಬರು ವಾಲ್ವ್ ಸ್ಪ್ರಿಂಗ್ ಎತ್ತುವುದು ಅಂದರು. ಬ್ಯಾಂಕ್ ಮಾವನಿಗೆ ಬಹುಶಃ ಗೊತ್ತಿರುತ್ತದೆ. ಅವರನ್ನು ಮಾತ್ರ ಕೇಳುವುದಿಲ್ಲ.