"ವಾಟ್ಸಾಪ್ ಮಾಡ್ಬಿಡಿ ಆಂಟಿ"

ಇವತ್ತು ತಲೆ ಕೆಟ್ಟಿದೆ, ಅದಕ್ಕೇ ಉದ್ದ ಬರೀತಿದೀನಿ. ಟೈಮಿಲ್ದೋರು ಮುಂದಕ್ಕೆ ಹೋಗ್ಬಹುದು.

ಅಮ್ಮನ ಪೆನ್ಷನ್ ಕೆಲಸಕ್ಕೆ ಆಧಾರ್ ಜೆರಾಕ್ಸ್ ಬೇಕಿತ್ತು. ಮನೆ ಪ್ರಿಂಟರಲ್ಲಿ ಇಂಕ್ ಮುಗಿದು ಎರಡು ತಿಂಗ್ಳಾಯ್ತು (ಹೌದು ಮಗಳೇ, ತರಿಸ್ತೀನಿ). ಬಸ್ ಸ್ಟಾಂಡ್ ಹತ್ರದ ಜೆರಾಕ್ಸ್ ಅಂಗ್ಡಿಗೆ ಹೋದ್ರೆ ಆ ಹುಡ್ಗ ತಲೆ ಕೂಡ ಎತ್ತದೆ ಗೋಡೆಗೆ ಅಂಟಿಸಿರೋ ನಂಬರ್ ತೋರ್ಸಿ "ವಾಟ್ಸಾಪ್ ಮಾಡ್ಬಿಡಿ ಆಂಟಿ" ಅಂದ. ಮಾನಿಟರ್ ಗಿರಾಕಿಗಳ ಕಡೆಗೇ ತಿರುಗಿದೆ, ಅದ್ರಲ್ಲಿ ಯಾರದ್ದೋ ಪ್ಯಾನ್ ಕಾರ್ಡು, ಯಾರದ್ದೋ ಶುಗರ್ ರಿಪೋರ್ಟು, ಒಂದು ಹುಡ್ಗಿ ಮಾರ್ಕ್ಸ್ ಕಾರ್ಡು, ಎಲ್ಲಾ ಸಂತೇಲಿ ಸೊಪ್ಪು ಹರಡಿದ ಹಾಗೆ ಹರಡ್ಕೊಂಡಿವೆ. ಆಮೇಲೆ ಅಂಗ್ಡಿಗೆಲ್ಲಾ ಕೇಳೋ ಹಾಗೆ, "ಪಾಸ್‌ವರ್ಡ್ ಕೇಳ್ತಿದೆ ಆಂಟಿ, ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ ಹೇಳಿ."

ಹೇಳ್ದೆ ಕಣ್ರೀ. ಗಟ್ಟಿಯಾಗೇ ಹೇಳ್ದೆ! ಬ್ಯಾಂಕ್ ಕೌಂಟರಲ್ಲಿ ಕೂತು ಪಾಪದ ಜನಕ್ಕೆ "ಪಿನ್ ಯಾರಿಗೂ ಹೇಳ್ಬೇಡಿ ಅಂತ ಎಷ್ಟು ಸಲ ಹೇಳೋದು" ಅಂತ ಸರ್ವಿಸ್ ಪೂರ್ತಿ ರೇಗಿದವಳು ನಾನೇ. ಹಿಂದೆ ಕ್ಯೂ ಇತ್ತು, ಹೊರಗೆ ಮಳೆ ಇತ್ತು, ಅಷ್ಟೇ ಸಾಕಾಯ್ತು ನನ್ನ ಬುದ್ಧಿ ಹೋಗಕ್ಕೆ.

ದುಡ್ಡೆಷ್ಟಪ್ಪಾ ಅಂದ್ರೆ ಒಂದು ಚೀಟೀಲಿ ಲೆಕ್ಕ ಬರ್ದು ಕೊಟ್ಟ. ತಿರುಗ್ಸಿ ನೋಡ್ತೀನಿ, ಯಾರದ್ದೋ ಆಧಾರ್! ಪ್ರಿಂಟ್ ಸರಿ ಬರ್ದೇ ಇದ್ದಿದ್ದನ್ನ ನಾಲ್ಕು ಭಾಗ ಹರ್ದು ಚೀಟಿ ಮಾಡ್ಕೊಂಡಿದಾನೆ. ಯಾರದ್ದೋ ಅರ್ಧ ಮುಖ, ಪೂರ್ತಿ ಅಡ್ರೆಸ್ಸು.

ಇದನ್ನ ಮನೆ ಗ್ರೂಪಲ್ಲಿ ಹಾಕಿದ್ದಕ್ಕೆ ನನ್ನ ಮೈದುನ, "ಅತ್ತಿಗೆ, ನಮ್ಹತ್ರ ಕದಿಯಕ್ಕೆ ಏನಿದೆ? ಓಟಿಪಿ ಕೊಡ್ದಿದ್ರೆ ಆಯ್ತಪ್ಪ" ಅಂತ ಮೆಸೇಜು, ಜೊತೆಗೊಂದು ನಗೋ ಮುಖ. ಈ ಮಾತು ಕೇಳಿ ಕೇಳಿ ನಂಗೆ ಸಾಕಾಗಿದೆ. ಆಧಾರ್ ಮೂಲಕ ದುಡ್ಡು ತೆಗೆಯೋ ಎಇಪಿಎಸ್ ಅಂತೊಂದಿದೆ, ಹಳ್ಳಿ ಕಡೆ ಸಣ್ಣ ಮೆಷಿನ್ ಇಟ್ಕೊಂಡು ದುಡ್ಡು ಕೊಡ್ತಾರಲ್ಲ, ಅದು. ಅದಕ್ಕೆ ಆಧಾರ್ ನಂಬರ್, ಬ್ಯಾಂಕ್ ಹೆಸ್ರು, ಬೆರಳು ಇದ್ರೆ ಸಾಕು, ಓಟಿಪಿನೂ ಬೇಡ ಕಾರ್ಡೂ ಬೇಡ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಸೈಟು ಮನೆ ರಿಜಿಸ್ಟರ್ ಮಾಡಿಸ್ಕೊಂಡಿದ್ದವ್ರ ಅಕೌಂಟಿಂದ ದುಡ್ಡು ಹೋಗಿದ್ದು ನೆನಪಿಲ್ವಾ? ನೋಂದಣಿ ಪತ್ರದಲ್ಲಿದ್ದ ಆಧಾರ್ ನಂಬರ್ರು, ಹೆಬ್ಬೆಟ್ಟಿನ ಗುರುತು ಎತ್ಕೊಂಡು ಬೆರಳಿನ ನಕಲೇ ಮಾಡಿದ್ರು ಕಳ್ರು. ಅವ್ರು ಯಾರೂ ಓಟಿಪಿ ಕೊಟ್ಟಿರ್ಲಿಲ್ಲ ಕಣಪ್ಪಾ ಮೈದುನ. ಯಾವ ಫೋನೂ ಎತ್ತಿರ್ಲಿಲ್ಲ, ಯಾವ ಲಿಂಕೂ ಒತ್ತಿರ್ಲಿಲ್ಲ. ನೀನೂ ಮೊನ್ನೆ ಮೊನ್ನೆ ಸೈಟ್ ರಿಜಿಸ್ಟರ್ ಮಾಡಿಸ್ದೆ, ಬೇರೆಯವ್ರು ನಿನ್ನ ಬೆರಳಚ್ಚು ಬಳಸಕ್ಕಾಗದ ಹಾಗೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದ್ಯಾ? ಆಧಾರ್ ಆಪಲ್ಲೇ ಇದೆ, ಐದು ನಿಮಿಷದ ಕೆಲಸ. ಈ ಪ್ರಶ್ನೆಗೆ ಮಾತ್ರ ನಗೋ ಮುಖ ಬರ್ಲಿಲ್ಲ.

ಸರ್ಕಾರದವ್ರು ಹೇಳಲ್ಲ ಅಂತಲ್ಲ. 2022ರ ಮೇನಲ್ಲಿ ನಮ್ಮ ಬೆಂಗಳೂರಿನ ಆಧಾರ್ ಪ್ರಾದೇಶಿಕ ಕಚೇರಿನೇ ಸಿಕ್ಕಸಿಕ್ಕಲ್ಲಿ ಆಧಾರ್ ಜೆರಾಕ್ಸ್ ಕೊಡ್ಬೇಡಿ, ಕೊನೆ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ ಅಂತ ಪ್ರಕಟಣೆ ಕೊಡ್ತು. ಜನ ಗಾಬರಿ ಬಿದ್ರು ಅಂತ ಎರಡೇ ದಿನಕ್ಕೆ ವಾಪಸ್! ತಪ್ಪು ತಿಳ್ಕೋಬೇಡಿ, ಮಾಮೂಲಿ ವಿವೇಕ ಬಳಸಿದ್ರೆ ಸಾಕು ಅಂದ್ರು. ಸರಿ ಸ್ವಾಮಿ, ನಾನು ವಿವೇಕ ಬಳಸ್ತೀನಿ, ಆದ್ರೆ ಲಾಡ್ಜ್‌ನೋನು, ಪಿಜಿ ಓನರ್ರು "ಮಾಸ್ಕ್ ನಡಿಯಲ್ಲ ಮೇಡಂ, ಒರಿಜಿನಲ್ ಕಳಿಸಿ" ಅಂತಾರಲ್ಲ, ಅವ್ರ ವಿವೇಕ ಯಾರು ನೋಡ್ಬೇಕು? ಮಗಳ ಪಿಜಿಯವ್ರಿಗೆ ಮಾಸ್ಕ್ಡ್ ಕಳ್ಸಿದ್ದಕ್ಕೆ "ನಿಮ್ಮಮ್ಮಂಗೆ ಅನುಮಾನ ಜಾಸ್ತಿ" ಅಂದ್ರಂತೆ. ಹೌದು, ಜಾಸ್ತಿನೇ.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ಜನ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ಕ್ಕೆ ಒಕ್ಕೊರಲಿಂದ ಹೇಳಿದ್ರು. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಲ್ಲೇ ಜಡ್ಜ್ ಆಗಿದ್ದ ಕೆ.ಎಸ್. ಪುಟ್ಟಸ್ವಾಮಿಯವ್ರು, 2012ರಲ್ಲಿ, 86ನೇ ವಯಸ್ಸಲ್ಲಿ! ಆ ವಯಸ್ಸಲ್ಲಿ ಅವ್ರು ಡೆಲ್ಲಿವರೆಗೂ ಹೋರಾಡಿದ್ರು, ನಾವು ಎರಡು ರೂಪಾಯಿ ಜೆರಾಕ್ಸ್‌ಗೆ ಆ ಹಕ್ಕನ್ನ ಕೌಂಟರ್ ಮೇಲಿಟ್ಟು ಬರ್ತೀವಿ. ನನ್ನನ್ನೂ ಸೇರಿಸ್ಕೊಂಡೇ ಹೇಳ್ತಿರೋದು.

ಸಂಜೆ ಮನಸ್ಸು ತಡೀದೆ ಮತ್ತೆ ಅಂಗ್ಡಿಗೆ ಹೋದೆ. ಅಪ್ಪಾ, ನಂದು ಡಿಲೀಟ್ ಮಾಡ್ಬಿಡು ಅಂದೆ. ಪಾಪ, ಹುಡ್ಗ ಒಳ್ಳೇವ್ನೇ, ತಕ್ಷಣ ಚಾಟ್ ಅಳಿಸ್ದ, "ಆಯ್ತು ಆಂಟಿ" ಅಂದ. ಡೌನ್‌ಲೋಡ್ಸ್ ಫೋಲ್ಡರ್ ತೆಗಿ ಅಂದೆ. ತೆಗ್ದ. ಸ್ಕ್ರೋಲ್ ಮಾಡ್ತಾನೇ ಇದಾನೆ, ಮುಗಿಯಲ್ಲ, ಅರ್ಧ ಊರೇ ಅಲ್ಲಿ ಮಲಗಿದೆ. ಕೊನೆಗೆ ಅಮ್ಮನ ಫೈಲು ಸಿಗ್ತು. ಅದೇ ಹೆಸರಲ್ಲಿ ಪಕ್ಕದಲ್ಲೇ ಇನ್ನೂ ಮೂರು. ಒಂದು ಹೋದ ವರ್ಷದ್ದು, ಒಂದು ಅದರ ಹಿಂದಿನ ವರ್ಷದ್ದು. ಎಲ್ಲಾ ನಾನೇ ಕಳ್ಸಿದ್ದು.

"ರಿಸೈಕಲ್ ಬಿನ್ನೂ ಖಾಲಿ ಮಾಡ್ಲಾ ಆಂಟಿ?" ಅಂದ.