ಮಂಚದ ಕಾಲ ಕಡೆಗಿದ್ದ ನೀರು

ಹೋದ ಚಳಿಗಾಲದಲ್ಲಿ ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಪರಿಚಯದವರ ತಾಯಿ ಆಸ್ಪತ್ರೆ ಸೇರಿದ್ದರು. ಎಂಬತ್ತು ದಾಟಿದ ಅಜ್ಜಿ, ಹಾಸನದ ಕಡೆಯವರು. ಕನ್ನಡ ಬಿಟ್ಟರೆ ಬೇರೆ ಮಾತು ಬರದು. ಮಗ ಕೆಲಸಕ್ಕೆ ಹೋದ ಹೊತ್ತಿನಲ್ಲಿ ನೋಡಿಕೊಂಡು ಬರೋಣ ಅಂತ ಹೋದೆ. ನೀರಿನ ಜಗ್ಗು ತುಂಬಿತ್ತು. ಆದರೆ ಅದಿದ್ದದ್ದು ಮಂಚದ ಕಾಲ ಕಡೆಗೆ, ಗಾಲಿ ಮೇಜಿನ ಮೇಲೆ. ಅಜ್ಜಿಯ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಲೋಟ ಹಿಡಿದರೆ ಗಟಗಟ ಎರಡು ಲೋಟ ಕುಡಿದರು.

"ಬೆಲ್ ಒತ್ತೋದಲ್ವಾ ಅಮ್ಮ?"

"ಯಾಕಪ್ಪಾ ಅವರಿಗೆ ತೊಂದ್ರೆ. ರಾತ್ರಿ ಹೊರಳಿಸಿ ಮಲಗಿಸೋದೂ ಅದೇ ಹುಡುಗಿ ತಾನೆ? ಸಿಟ್ಟು ಮಾಡ್ಕೊಂಡ್ರೆ?"

ವಾರ್ಡಿನ ಬಾಗಿಲಲ್ಲೇ ದೂರು ಕೊಡುವುದು ಹೇಗೆ ಅಂತ ಚೆಂದದ ಪೋಸ್ಟರ್ ಇತ್ತು. ಈ ದೇಶದ ವ್ಯವಸ್ಥೆಯನ್ನು ನಾನು ಹಗುರ ಮಾಡುತ್ತಿಲ್ಲ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ದೂರು ಕೊಡಲು 12 ತಿಂಗಳು ಅವಕಾಶ ಇದೆ. ದೂರು ತಲುಪಿತು ಅಂತ ಮೂರು ಕೆಲಸದ ದಿನದೊಳಗೆ ತಿಳಿಸಬೇಕು. ಉತ್ತರ ಸರಿ ಕಾಣದಿದ್ದರೆ ಒಂಬುಡ್ಸ್‌ಮನ್ ಹತ್ತಿರ, ಅಂದರೆ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿಯ ಹತ್ತಿರ ಹೋಗಬಹುದು, ಅದಕ್ಕೂ ದುಡ್ಡಿಲ್ಲ. ಎಲ್ಲ ಸರಿ. ಆದರೆ ಇದೆಲ್ಲ ಶುರುವಾಗುವುದು ರೋಗಿಯೋ ಅವರ ಕಡೆಯವರೋ ಬಾಯಿ ತೆಗೆದ ಮೇಲೆ. ಬಾಯಿ ತೆಗೆಯಲು ಹೆದರುವವರಿಗೆ ಪೋಸ್ಟರ್ ಏನು ಮಾಡೀತು?

ಬಾಯಿ ತೆಗೆದವರ ಕಥೆಯೂ ಗೊತ್ತಲ್ಲ. ಇಲ್ಲಿನ ಸ್ಟ್ಯಾಫರ್ಡ್ ಊರಿನ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ವಯಸ್ಸಾದ ರೋಗಿಗಳು ಊಟ, ನೀರು ಕೈಗೆಟುಕದೆ, ಹೊಲಸಾದ ಹಾಸಿಗೆಯಲ್ಲೇ ನರಳಿದರು. ಆಡಳಿತ ಮಂಡಳಿ ದೂರುಗಳನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 2007ರಲ್ಲಿ ಅಲ್ಲಿ ತಾಯಿಯನ್ನು ಕಳೆದುಕೊಂಡ ಜೂಲಿ ಬೇಲಿ ತಮ್ಮ ಕೆಫೆಯಲ್ಲೇ ಕೂತು ಹೋರಾಟ ಕಟ್ಟಿದರು. 2013ರಲ್ಲಿ ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ ಬಂತು, 290 ಶಿಫಾರಸುಗಳೊಂದಿಗೆ. ಆಕೆಗೆ ಸಿಕ್ಕಿದ್ದೇನು? ನಮ್ಮೂರ ಆಸ್ಪತ್ರೆಯ ಮಾನ ಕಳೆದಳು ಅಂತ ಬೈಗುಳ. ತಾಯಿಯ ಸಮಾಧಿಯನ್ನೂ ಕೆಡಿಸಿದರು. ಕೊನೆಗೆ ಆಕೆ ಊರೇ ಬಿಟ್ಟರು. ನಮ್ಮ ಅಜ್ಜಿಯ ಹೆದರಿಕೆ ಸುಮ್ನೆ ಅಲ್ಲ.

ನಮ್ಮ ಕಡೆ ದಾರಿಯೇ ಬೇರೆ. ಕ್ಯಾಶುವಲ್ಟಿಯಲ್ಲಿ ಮೊದಲು ಕೇಳುವುದೇ "ಜೊತೆಗೆ ಯಾರಿದ್ದೀರಿ?" ಅಂತ. ಅಪ್ಪ ಅಡ್ಮಿಟ್ ಆಗಿದ್ದಾಗ ಚಿಕ್ಕಪ್ಪ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಡ್ರಿಪ್ ಮುಗಿಯುತ್ತಾ ಬಂದರೆ ಸಿಸ್ಟರ್ ಹತ್ತಿರ ಓಡುವುದು, ಬೆಡ್‌ಪ್ಯಾನ್ ಕೊಡುವುದು, ಡಾಕ್ಟರು ರೌಂಡ್ಸಿಗೆ ಬಂದಾಗ ಅಡ್ಡ ನಿಂತು ಕೇಳುವುದು, ಎಲ್ಲ ಅವರದೇ. ಆಸ್ಪತ್ರೆ ಮಾಡಬೇಕಾದ ಎಷ್ಟೋ ಕೆಲಸವನ್ನು ಮನೆಯವರ ತಲೆಗೆ ಕಟ್ಟುವ ಪದ್ಧತಿ ಇದು, ನಿಜ. ಆದರೂ ಅಪ್ಪನಿಗೆ ನೀರು ಬೇಕಾದರೆ ಯಾವ ಫಾರ್ಮೂ ಬೇಕಿರಲಿಲ್ಲ. ಜೊತೆಗೆ ಯಾರೂ ಇಲ್ಲದವರ ಪಾಡು ಮಾತ್ರ ಕೇಳಬೇಡಿ.

ಕಾನೂನು ನಮ್ಮಲ್ಲೂ ಇದೆ. ವೈದ್ಯರ ಸೇವೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2017ರಲ್ಲಿ ಕರ್ನಾಟಕ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತಂದಾಗ ಡಾಕ್ಟರುಗಳು ಮುಷ್ಕರ ಹೂಡಿದ್ದು ನೆನಪಿರಬೇಕು. ಜಿಲ್ಲೆ ಮಟ್ಟದಲ್ಲಿ ದೂರು ಕೇಳುವ ಪ್ರಾಧಿಕಾರದ ಮಾತು ಆ ತಿದ್ದುಪಡಿಯಲ್ಲೇ ಇದೆ. ಆದರೂ ಏನಾದರೂ ಎಡವಟ್ಟಾದರೆ ನಮ್ಮ ನೆಂಟರು ಫೋನ್ ಹಚ್ಚುವುದು ಎಂಎಲ್‌ಎ ಕಡೆಯವರಿಗೆ. ಅವರ ಪರಿಚಯವೂ ಇಲ್ಲದವರು ಹಣೆಬರಹ ಅಂದುಕೊಂಡು ಬಿಲ್ ಕಟ್ಟಿ ಮನೆಗೆ ಹೋಗುತ್ತಾರೆ.

ಎರಡೂ ಕಡೆ ಕಂಡ ಮೇಲೆ ನನಗನಿಸುವುದು ಇಷ್ಟು: ರೋಗಿ ದೂರಲಿ ಅಂತ ಕಾಯಬಾರದು, ಹೋಗಿ ಕೇಳಬೇಕು. ಇಲ್ಲಿ ಇಂಗ್ಲೆಂಡಿನಲ್ಲಿ ಈಗ ಆ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದಾರೆ. 13 ವರ್ಷದ ಮಾರ್ತಾ ಮಿಲ್ಸ್ 2021ರಲ್ಲಿ ಲಂಡನ್ನಿನಲ್ಲಿ ಸೆಪ್ಸಿಸ್‌ನಿಂದ, ಅಂದರೆ ಸೋಂಕು ಮೈಯೆಲ್ಲ ಕೆಡಿಸಿ ತೀರಿಕೊಂಡಳು. ಮಗಳ ಸ್ಥಿತಿ ಕೆಡುತ್ತಿದೆ ಅಂತ ತಾಯಿ ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಆ ತಾಯಿ ಪತ್ರಕರ್ತೆ, ಇಂಗ್ಲಿಷ್ ಅವರ ಮನೆಮಾತು. ಅವರ ಮಾತೇ ನಡೆಯಲಿಲ್ಲ ಅಂದರೆ ನಮ್ಮ ಹಾಸನದ ಅಜ್ಜಿಯದು ನಡೆದೀತೇ? ಆಮೇಲೆ ಬಂದ 'ಮಾರ್ತಾ ನಿಯಮ'ವನ್ನು 2024ರಿಂದ ಆಸ್ಪತ್ರೆಗಳಲ್ಲಿ ತರುತ್ತಿದ್ದಾರೆ. ಮನೆಯವರು ಹೊತ್ತಲ್ಲದ ಹೊತ್ತಿನಲ್ಲೂ ಬೇರೆ ತಂಡವನ್ನು ಕರೆಸಿ ತೋರಿಸಬಹುದು. ಜನರ ಬಾಯಲ್ಲಿರುವುದು ಇದೇ. ನನಗೆ ಮಾತ್ರ ಅದರ ಇನ್ನೊಂದು ಭಾಗ ದೊಡ್ಡದು: ಹೇಗನ್ನಿಸುತ್ತಿದೆ ಅಂತ ರೋಗಿಯನ್ನೂ ಮನೆಯವರನ್ನೂ ದಿನಕ್ಕೊಮ್ಮೆಯಾದರೂ ಕೇಳಲೇಬೇಕು.

ಆವತ್ತು ನಾನು ಮೇಜು ಹತ್ತಿರ ಎಳೆದೆ. ಒಂದು ಹಾಳೆಯಲ್ಲಿ "ನೀರು ಬೇಕಾ? ನೋವಿದೆಯಾ?" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದೆ. ಮಾರನೇ ದಿನ ಅಜ್ಜಿ ನಗುತ್ತಿದ್ದರು. ಕೇರಳದ ನರ್ಸಮ್ಮ ಒಬ್ಬಳು ಅದನ್ನು ಓದಿದಳಂತೆ, ಉಚ್ಚಾರ ಕೇಳಿದರೆ ನಗು ತಡೆಯೋಕೇ ಆಗಲಿಲ್ಲವಂತೆ. ಮೊದಲನೇ ಪ್ರಶ್ನೆಗೆ ಬೇಡ ಅಂದರಂತೆ. ಎರಡನೆಯದಕ್ಕೆ ಸುಮ್ಮನೆ ಹೊದಿಕೆ ಸರಿಸಿ ಹಿಮ್ಮಡಿ ತೋರಿಸಿದರಂತೆ. ಮೂರು ದಿನದಿಂದ ಅಲ್ಲಿ ಹುಣ್ಣಾಗಿತ್ತು.